ಒಂದೇ ಕೋಶ, ಎರಡು ಕೆಲಸ: ಕಿಡ್ನಿ ಕಸಿ, ವೈರಸ್ ಮತ್ತು ನನ್ನ ಪ್ರಯೋಗಾಲಯ

ಮೈಸೂರಿನ ನನ್ನ ಪ್ರಯೋಗಾಲಯಕ್ಕೆ ಬರುವ ರಕ್ತದಲ್ಲಿ ನಾನು ವೈರಸ್ ಹುಡುಕುವುದಿಲ್ಲ. ಆ ಕೆಲಸಕ್ಕೆ ಪಿಸಿಆರ್ ಇದೆ. ಕೋವಿಡ್ ಬಂದು ಹೋದ ಮೇಲೆ ಪಿಸಿಆರ್ ಎಂಬ ಹೆಸರು ಕೇಳದ ಹಳ್ಳಿ ನಮ್ಮ ಕಡೆ ಇರಲಾರದು. ನಾನು ಎಣಿಸುವುದು ಆ ವೈರಸ್ಸನ್ನು ಗುರುತು ಹಿಡಿಯಬಲ್ಲ ಟಿ ಕೋಶಗಳನ್ನು, ಅಂದರೆ ರಕ್ತದ ಒಂದು ಬಗೆಯ ಬಿಳಿ ಕಣಗಳನ್ನು. ಕಿಡ್ನಿ ಕಸಿ ಮಾಡಿಸಿಕೊಂಡವರ ಮೈಯಲ್ಲಿ ಅಂಥ ಕೋಶಗಳು ಎಷ್ಟು ಉಳಿದಿವೆ, ಉಳಿದವು ಕೆಲಸ ಮಾಡುವ ಸ್ಥಿತಿಯಲ್ಲಿವೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ಏಳುವುದಕ್ಕೆ ಕಾರಣವಿದೆ. ಬೇರೆಯವರ ಕಿಡ್ನಿಯನ್ನು ಹೊರಗಿನದೆಂದು ಕಂಡು ನಾಶಮಾಡಲು ಹೊರಡುವುದು ಟಿ ಕೋಶ. ವೈರಸ್ ಹೊಕ್ಕ ಕೋಶವನ್ನು ಹುಡುಕಿ ಕೊಲ್ಲುವುದೂ ಟಿ ಕೋಶವೇ. ಮೊದಲನೆಯದು ನಡೆಯದಿರಲೆಂದು ಕೊಡುವ ಮಾತ್ರೆ ಎರಡನೆಯದನ್ನೂ ತಡೆಯುತ್ತದೆ. ಇದನ್ನು ನಾನು ಚಿತ್ರ ಬರೆದು ವಿವರಿಸುತ್ತಿದ್ದಾಗ ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರು ನಡುವೆಯೇ ತಡೆದು, “ಅಂದರೆ ಮೇಡಂ, ನಾಲೆಯ ತೂಬು ಮುಚ್ಚಿದ ಹಾಗೆ. ಕಳೆ ಬೆಳೆದ ಗದ್ದೆಗೆ ನೀರು ಬೇಡವೆಂದು ಮೇಲೆ ಮುಚ್ಚಿದರೆ ಭತ್ತದ ಗದ್ದೆಯೂ ಒಣಗುತ್ತದೆ” ಎಂದರು. ವಿಶ್ವೇಶ್ವರಯ್ಯ ನಾಲೆಯ ನೀರಿಗಾಗಿ ರಾತ್ರಿಯೆಲ್ಲ ಕಾದವರಿಗೆ ಮಾತ್ರ ತೋಚುವ ಮಾತು. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಹೇಳುತ್ತಿದ್ದೇನೆ. ಪಠ್ಯಪುಸ್ತಕಗಳ ಸೈನ್ಯ, ಕೋಟೆ, ಶತ್ರು ಇವೆಲ್ಲ ನನಗೆ ಹಿಡಿಸುವುದಿಲ್ಲ. ಟಿ ಕೋಶಕ್ಕೆ ಶತ್ರು ಯಾರೆಂದು ಗೊತ್ತಿರುವುದಿಲ್ಲ. ತನ್ನದೇ ಮೈಯ ಕೋಶವೊಂದರ ಮೇಲ್ಮೈ ಬದಲಾಗಿದೆ ಎಂಬುದಷ್ಟೇ ಅದಕ್ಕೆ ಕಾಣುವುದು.

ಆ ‘ಬದಲಾದ ಮೇಲ್ಮೈ’ಯ ಕಥೆ ಹೇಳದೆ ಮುಂದೆ ಹೋಗಲಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೀಟರ್ ಮೆಡವಾರ್ ಗ್ಲಾಸ್ಗೊದಲ್ಲಿ ಸುಟ್ಟಗಾಯಗಳಿಗೆ ಚರ್ಮ ಕಸಿ ಮಾಡುವ ಕೆಲಸವನ್ನು ಅಧ್ಯಯನ ಮಾಡುತ್ತಿದ್ದರು. ಮಹಿಳೆಯೊಬ್ಬರಿಗೆ ಆಕೆಯ ಸಹೋದರನ ಚರ್ಮದ ತುಣುಕುಗಳನ್ನು ಹಾಕಿದರು. ಅವು ಕೆಲ ದಿನ ಹಿಡಿದು ಆಮೇಲೆ ಉದುರಿದವು. ಅದೇ ಸಹೋದರನ ಚರ್ಮವನ್ನು ಎರಡನೇ ಸಲ ಹಾಕಿದಾಗ ಇನ್ನೂ ಬೇಗ ಉದುರಿದವು. ಮೈಗೆ ನೆನಪಿದೆ ಎಂದು ಇದರಿಂದ ಗೊತ್ತಾಯಿತು. ಈ ವರದಿ ಬಂದದ್ದು 1943ರಲ್ಲಿ. ಆ ಹೊತ್ತಿಗಾಗಲೇ ಪೀಟರ್ ಗೋರರ್, ಸ್ವಲ್ಪ ಕಾಲದ ಮೇಲೆ ಜಾರ್ಜ್ ಸ್ನೆಲ್ ಇಲಿಗಳಲ್ಲಿ ಕಸಿ ಹಿಡಿಯುವುದನ್ನೂ ಬಿಡುವುದನ್ನೂ ನಿರ್ಧರಿಸುವ ಜೀನ್‌ಗಳ ಬೆನ್ನು ಹತ್ತಿದ್ದರು. ಮನುಷ್ಯರಲ್ಲಿ ಅಂಥ ಜೀನ್‌ಗಳ ಗುಂಪು ಆರನೇ ವರ್ಣತಂತುವಿನಲ್ಲಿದೆ. ಅದನ್ನೇ ಎಚ್‌ಎಲ್‌ಎ ಎನ್ನುತ್ತೇವೆ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಕಿಡ್ನಿ ಕಸಿ ಉಳಿದದ್ದು ದಾನಿ ಮತ್ತು ರೋಗಿ ಏಕರೂಪಿ ಅವಳಿಗಳಾಗಿದ್ದರಿಂದ. ಇಬ್ಬರ ಎಚ್‌ಎಲ್‌ಎಯೂ ಒಂದೇ, ಬದಲಾದ ಮೇಲ್ಮೈ ಎಂಬುದೇ ಅಲ್ಲಿರಲಿಲ್ಲ.

ಆದರೆ ಇಲ್ಲೊಂದು ಒಗಟು ಇತ್ತು. ನಿಸರ್ಗದಲ್ಲಿ ಯಾರೂ ಯಾರಿಗೂ ಕಿಡ್ನಿ ಹಾಕುವುದಿಲ್ಲ. ಹಾಗಿದ್ದ ಮೇಲೆ ಬೇರೆಯವರ ಅಂಗವನ್ನು ತಿರಸ್ಕರಿಸುವುದಕ್ಕೆಂದೇ ಇಷ್ಟೊಂದು ಬಗೆಯ ಜೀನ್‌ಗಳು ಯಾಕೆ ಬೇಕು? ಉತ್ತರ ಬಂದದ್ದು ವೈರಸ್ ಕಡೆಯಿಂದ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಎಂಬ ಪಶುವೈದ್ಯರೂ ರೋಲ್ಫ್ ಜಿಂಕರ್‌ನಾಗೆಲ್ ಎಂಬ ಸ್ವಿಟ್ಜರ್ಲೆಂಡಿನ ವೈದ್ಯರೂ ಇಲಿಗಳಿಗೆ ಎಲ್‌ಸಿಎಂವಿ ಎಂಬ ಮಿದುಳಿನ ಪೊರೆಯ ವೈರಸ್ ಹಾಕಿ, ಆ ಇಲಿಗಳ ಟಿ ಕೋಶಗಳನ್ನು ಅದೇ ವೈರಸ್ ಹೊಕ್ಕ ಕೋಶಗಳ ಮೇಲೆ ಬಿಟ್ಟರು. ಒಂದು ತಳಿಯ ಇಲಿಯ ಟಿ ಕೋಶ ಅದೇ ತಳಿಯ ಸೋಂಕಿತ ಕೋಶವನ್ನು ಕೊಂದಿತು. ಅದೇ ವೈರಸ್ ಬೇರೆ ತಳಿಯ ಕೋಶದಲ್ಲಿದ್ದರೆ ಕಣ್ಣೆತ್ತಿಯೂ ನೋಡಲಿಲ್ಲ. ಅಂದರೆ ಟಿ ಕೋಶ ವೈರಸ್ಸನ್ನು ಒಂಟಿಯಾಗಿ ಗುರುತಿಸುವುದಿಲ್ಲ, ‘ನನ್ನ ಎಚ್‌ಎಲ್‌ಎ ಮತ್ತು ಅದರ ಮೇಲೆ ಕುಳಿತ ವೈರಸ್ಸಿನ ತುಣುಕು’ ಎಂಬ ಜೋಡಿಯನ್ನು ಗುರುತಿಸುತ್ತದೆ. ಕಸಿಯ ಜೀನ್ ಎಂದು ನಾವು ಕರೆಯುತ್ತಿದ್ದದ್ದು ವೈರಸ್ಸಿನ ತುಣುಕನ್ನು ಹಿಡಿದು ತೋರಿಸುವ ಜೀನ್ ಆಗಿತ್ತು. ಇದು ಪ್ರಕಟವಾದದ್ದು 1974ರಲ್ಲಿ, ನೊಬೆಲ್ ಬಂದದ್ದು 1996ರಲ್ಲಿ. ಕಸಿಯ ವಿಜ್ಞಾನವನ್ನೂ ಸೋಂಕಿನ ವಿಜ್ಞಾನವನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಕಲಿಸುವವರ ಮೇಲೆ ನನಗೆ ಅಂದಿನಿಂದಲೂ ಸಣ್ಣ ಸಿಟ್ಟಿದೆ. ಇನ್ನೊಂದು ಮಾತು: ಇದೇ ಎಲ್‌ಸಿಎಂವಿ 2003 ಮತ್ತು 2005ರಲ್ಲಿ ಅಮೆರಿಕದಲ್ಲಿ ದಾನಿಗಳ ಅಂಗಗಳ ಜೊತೆಗೇ ರೋಗಿಗಳಿಗೆ ಹೋಯಿತು. ಅಂಗ ಪಡೆದ 8 ಮಂದಿಯಲ್ಲಿ 7 ಮಂದಿ ತೀರಿಕೊಂಡರು. ಮಾತ್ರೆಯಿಂದ ಟಿ ಕೋಶಗಳು ಸುಮ್ಮನಾಗಿದ್ದ ಮೈಯಲ್ಲಿ ಅದನ್ನು ತಡೆಯುವವರು ಯಾರೂ ಇರಲಿಲ್ಲ.

ಇನ್ನು ನಮ್ಮ ಕೆಲಸಕ್ಕೆ ಬರುತ್ತೇನೆ. ನಮ್ಮ ರೋಗಿಗಳಲ್ಲಿ ನಾನು ನೋಡುವ ವೈರಸ್‌ಗಳು ಮುಖ್ಯವಾಗಿ ಎರಡು: ಸೈಟೊಮೆಗಾಲೊ ವೈರಸ್, ಅಂದರೆ ಸಿಎಂವಿ, ಮತ್ತು ಬಿಕೆ ವೈರಸ್. ಎರಡೂ ಹೊಸದಾಗಿ ಎಲ್ಲಿಂದಲೋ ಬರುವುದಲ್ಲ. ಸಿಎಂವಿ ನಮ್ಮ ದೇಶದಲ್ಲಿ ವಯಸ್ಕರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರ ಮೈಯಲ್ಲಿ ಬಾಲ್ಯದಿಂದಲೇ ಮಲಗಿದೆ. ಅದನ್ನು ಹಾಗೆ ಮಲಗಿಸಿಡುವುದಕ್ಕೆ ಮೈ ತೆರುವ ಬೆಲೆ ನೋಡಿದರೆ ಬೆರಗಾಗುತ್ತದೆ: ಆರೋಗ್ಯವಂತರಲ್ಲೂ ನೆನಪಿನ ಟಿ ಕೋಶಗಳಲ್ಲಿ ಸುಮಾರು ಹತ್ತನೇ ಒಂದು ಪಾಲು ಈ ಒಂದೇ ವೈರಸ್ಸಿಗೆ ಮೀಸಲು. ಬಿಕೆ ವೈರಸ್ಸನ್ನು 1971ರಲ್ಲಿ ಲಂಡನ್‌ನಲ್ಲಿ ಕಿಡ್ನಿ ಕಸಿಯಾದ ರೋಗಿಯೊಬ್ಬರ ಮೂತ್ರದಲ್ಲಿ ಮೊದಲು ಕಂಡರು. ಆ ರೋಗಿಯ ಹೆಸರಿನ ಮೊದಲಕ್ಷರಗಳೇ ಅದಕ್ಕೆ ಹೆಸರಾದವು. ಅದೂ ಬಾಲ್ಯದಲ್ಲೇ ಹೊಕ್ಕು ಕಿಡ್ನಿಯಲ್ಲಿ ತಣ್ಣಗೆ ಕೂತಿರುತ್ತದೆ. ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಸ್ಟೆರಾಯ್ಡ್ ಮೂರೂ ಸೇರಿ ಟಿ ಕೋಶಗಳನ್ನು ಅಡಗಿಸಿದಾಗ ಏಳುತ್ತದೆ.

ಟಿ ಕೋಶಗಳನ್ನು ಎಣಿಸಲು ನಾನು ಬಳಸುವುದು ಎಲಿಸ್ಪಾಟ್ ಎಂಬ ವಿಧಾನ, ಅದರಲ್ಲಿ ಕೆರಳಿದ ಒಂದೊಂದು ಕೋಶವೂ ಒಂದೊಂದು ಚುಕ್ಕೆಯಾಗಿ ಕಾಣುತ್ತದೆ. 1983ರಿಂದ ಇರುವ ವಿಧಾನ ಇದು, ಹೊಸದೇನಲ್ಲ. ದೊಡ್ಡ ಊರಿನ ಪ್ರಯೋಗಾಲಯಗಳಲ್ಲಿ ಕೋಶಗಳನ್ನು ಒಂದೊಂದಾಗಿ ಓದುವ ಫ್ಲೋ ಸೈಟೊಮೀಟರ್ ಯಂತ್ರ ಇರುತ್ತದೆ, ಎಚ್‌ಎಲ್‌ಎಗೆ ವೈರಸ್ಸಿನ ಒಂದು ತುಣುಕು ಕೂಡಿಸಿ ಮಾಡಿದ, ಅದಕ್ಕೆ ಹೊಂದುವ ಟಿ ಕೋಶಕ್ಕೆ ಅಂಟುವ ಟೆಟ್ರಾಮರ್ ಇರುತ್ತದೆ. ಅವು ಬೇಕಿದ್ದರೂ ನಮಗೆ ಮೊದಲಿಗೆ ದಕ್ಕಲಿಲ್ಲ. ಆಮೇಲೆ ಯೋಚಿಸಿದಾಗ ಟೆಟ್ರಾಮರ್ ನಮಗೆ ಅಷ್ಟು ಒಗ್ಗುವುದೂ ಇಲ್ಲ ಎನ್ನಿಸಿತು. ಮಾರುಕಟ್ಟೆಯ ಬಹುಪಾಲು ಟೆಟ್ರಾಮರ್‌ಗಳು ಯುರೋಪಿನ ಜನರಲ್ಲಿ ಹೆಚ್ಚಾಗಿರುವ ಎಚ್‌ಎಲ್‌ಎ ಎ2 ಗುಂಪಿನ 02:01 ಎಂಬ ಬಗೆಗೆ ಹೊಂದುವಂತೆ ಮಾಡಿದವು. ನಮ್ಮ ಜನರಲ್ಲಿ ಅದೇ ಎ2 ಗುಂಪಿನೊಳಗೆ 02:11ರಂಥ ಬೇರೆ ಬಗೆಗಳು ಸಾಕಷ್ಟಿವೆ. ಅವರ ಕೋಶಗಳಿಗೆ ವೈರಸ್ಸಿನ ಬೇರೆ ತುಣುಕು ಬೇಕಾಗಬಹುದು. ಆದ್ದರಿಂದ ಒಂದೇ ತುಣುಕಿನ ಹಿಂದೆ ಬೀಳದೆ ವೈರಸ್ಸಿನ ಪ್ರೋಟೀನನ್ನು ಪೂರ್ತಿಯಾಗಿ ತುಂಡುಮಾಡಿ ಕೊಡುವ ದಾರಿ ಹಿಡಿದೆ. ಸಿಎಂವಿಯ ಪಿಪಿ65 ಎಂಬ ಪ್ರೋಟೀನಿನಲ್ಲಿ 561 ಅಮೈನೊ ಆಮ್ಲಗಳಿವೆ. ಅದನ್ನು 15 ಅಮೈನೊ ಆಮ್ಲಗಳ ತುಣುಕುಗಳನ್ನಾಗಿ, ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬರುವಂತೆ ಕತ್ತರಿಸಿದರೆ 138 ಪೆಪ್ಟೈಡ್‌ಗಳಾಗುತ್ತವೆ. ಎಲ್ಲವನ್ನೂ ಬೆರೆಸಿ ಕೊಟ್ಟರೆ ರೋಗಿಯ ಎಚ್‌ಎಲ್‌ಎ ಯಾವುದೇ ಇರಲಿ, ತನಗೆ ಬೇಕಾದದ್ದನ್ನು ಎತ್ತಿಕೊಳ್ಳುತ್ತದೆ.

ಪ್ರಯೋಗದಲ್ಲಿ ನಿಜವಾದ ತಲೆನೋವು ಪ್ರೋಟೀನ್ ಅಲ್ಲ, ರಕ್ತ ಬರುವ ದಾರಿ. ನಮ್ಮ ರೋಗಿಗಳಲ್ಲಿ ಬಹಳ ಮಂದಿ ಮಂಡ್ಯ ಜಿಲ್ಲೆಯವರು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಹೆದ್ದಾರಿಯಲ್ಲಿ ಒಂದು ಗಂಟೆಯ ಹಾದಿ. ಆದರೆ ರೋಗಿ ಕೆ.ಆರ್. ಪೇಟೆಯ ಒಳಹಳ್ಳಿಯಿಂದ ಬಂದು, ಕೇಂದ್ರದಲ್ಲಿ ರಕ್ತ ಕೊಟ್ಟು, ಅದು ಬೇರೆಯವರ ಕೈ ಸೇರಿ ನನಗೆ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ರಕ್ತ ತೆಗೆದು ಎಂಟು ಗಂಟೆಯೊಳಗೆ ಬಿಳಿ ಕಣಗಳನ್ನು ಬೇರ್ಪಡಿಸಿದರೆ ಒಳ್ಳೆಯದು. ತಡವಾದಷ್ಟೂ ನಮಗೆ ಬೇಡದ ಬಿಳಿ ಕಣಗಳಾದ ಗ್ರಾನ್ಯುಲೊಸೈಟ್‌ಗಳು ಹದಗೆಟ್ಟು ಟಿ ಕೋಶಗಳ ಜೊತೆಗೇ ಬಂದು ಕೂರುತ್ತವೆ, ಚುಕ್ಕೆಗಳು ಕಡಿಮೆಯಾಗುತ್ತವೆ. ಅದಕ್ಕಿಂತ ದೊಡ್ಡ ಕಾಟ ಐಸ್. ರಕ್ತವೆಂದರೆ ಐಸ್‌ನಲ್ಲೇ ಇಡಬೇಕು ಎಂದು ಎಲ್ಲರ ತಲೆಯಲ್ಲೂ ಕೂತಿದೆ. ಲಸಿಕೆ ಡಬ್ಬಿಯೂ ರಕ್ತನಿಧಿಯೂ ಸೇರಿ ಕಲಿಸಿದ ಪಾಠ ಅದು. ನನ್ನ ಕೆಲಸಕ್ಕೆ ಐಸ್ ವಿಷ. ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬು ಕೋಣೆಯ ತಾಪಮಾನದಲ್ಲೇ, ನೆರಳಿನಲ್ಲಿ ಬರಬೇಕು. ಥರ್ಮೋಕೋಲ್ ಪೆಟ್ಟಿಗೆಯ ಮೇಲೆ ‘ಐಸ್ ಬೇಡ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿ ಕಳುಹಿಸಿದೆ. ಪೆಟ್ಟಿಗೆ ನೋಡಿದ ಯಾರೋ ಪುಣ್ಯಾತ್ಮರು ಪಾಪ ಬಿಸಿಲಿದೆಯಲ್ಲ ಎಂದು ಪಕ್ಕದ ಅಂಗಡಿಯಿಂದ ಐಸ್ ತಂದು ತುಂಬಿಸಿ ಕಳುಹಿಸಿದರು. ಆಮೇಲೆ ಪೆಟ್ಟಿಗೆಯನ್ನೇ ಬಿಟ್ಟು ಬಟ್ಟೆಯ ಚೀಲಕ್ಕೆ ಬಂದೆವು. ಬಟ್ಟೆಯ ಚೀಲಕ್ಕೆ ಐಸ್ ತುಂಬಬೇಕೆಂದು ಯಾರಿಗೂ ತೋಚುವುದಿಲ್ಲ.

ಬೇರ್ಪಡಿಸುವುದು ಫಿಕಾಲ್ ಎಂಬ ದ್ರವದ ಮೇಲೆ. ಅದರ ಸಾಂದ್ರತೆ 1.077. ರಕ್ತವನ್ನು ಅದರ ಮೇಲೆ ಕಲಕದಂತೆ ಸುರಿದು, ಬ್ರೇಕ್ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳ ಸೇರಿ, ಟಿ ಕೋಶಗಳಿರುವ ಬಿಳಿ ಕಣಗಳಾದ ಲಿಂಫೋಸೈಟ್‌ಗಳು ನಡುವೆ ಬಿಳಿಯ ಪದರವಾಗಿ ನಿಲ್ಲುತ್ತವೆ. ಈ ಸಾಂದ್ರತೆಯ ಲೆಕ್ಕ 20 ಡಿಗ್ರಿಗೆ ಹಾಕಿದ್ದು. ಏಪ್ರಿಲ್‌ನಲ್ಲಿ ಮೈಸೂರಿನ ಕೋಣೆ 30 ದಾಟಿದಾಗ ಅದೇ ದ್ರವ ತೆಳುವಾಗಿ ಪದರ ಚದುರುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ದ್ರವವನ್ನೂ ರಕ್ತವನ್ನೂ ಅರ್ಧ ಗಂಟೆ ಇಟ್ಟು ಆಮೇಲೆ ಕೈ ಹಾಕುತ್ತೇನೆ. ಕಸಿ ರೋಗಿಗಳಲ್ಲಿ ಲಿಂಫೋಸೈಟ್‌ಗಳೇ ಕಡಿಮೆ. ಅದರಲ್ಲೂ ಮೊಲದಿಂದ ತೆಗೆದ, ಟಿ ಕೋಶಗಳನ್ನು ನಾಶಮಾಡುವ ಎಟಿಜಿ ಎಂಬ ಪ್ರತಿಕಾಯ ಪಡೆದವರಲ್ಲಿ ಮೊದಲ ತಿಂಗಳುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂಥವರ ರಕ್ತವನ್ನು ಹತ್ತು ಮಿಲಿಲೀಟರ್ ಕೊಡಿ ಎಂದು ಕೇಳುವುದಕ್ಕೆ ನನಗೇ ಸಂಕೋಚ. ಅದಕ್ಕೆ ಟ್ಯಾಕ್ರೊಲಿಮಸ್ ಮಟ್ಟ ನೋಡಲು ಬರುವ ದಿನವೇ ನನ್ನ ಟ್ಯೂಬನ್ನೂ ತುಂಬಿಸಿಕೊಳ್ಳುತ್ತೇನೆ. ಆ ದಿನ ಅವರು ಬೆಳಗಿನ ಮಾತ್ರೆ ನುಂಗದೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ಹಿಂದಿನ ರಾತ್ರಿಯ ಮಾತ್ರೆಯಿಂದ ಹನ್ನೆರಡು ಗಂಟೆ ಕಳೆದ ಮೇಲಿನ ಮಟ್ಟವೇ ಬೇಕು, ರಕ್ತ ಕೊಟ್ಟ ಮೇಲೆ ನುಂಗಬೇಕು. ಅಲ್ಲೇ ಸಿಕ್ಕ ಹೊತ್ತಿನಲ್ಲಿ ಚಕ್ಕೋತ ತಿನ್ನಬೇಡಿ ಎಂದೂ ಹೇಳಿಬಿಡುತ್ತೇನೆ. ಚಕ್ಕೋತ ಈ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಆದರೆ ಔಷಧದ ಚೀಟಿಯಲ್ಲಿ ಇರುವುದು ನಮ್ಮವರು ಕಂಡಿರದ ಅದರ ವಿದೇಶಿ ದಾಯಾದಿ ಗ್ರೇಪ್‌ಫ್ರೂಟ್‌ನ ಹೆಸರು.

ಮುಂದಿನದು ತಾಳ್ಮೆಯ ಕೆಲಸ. 96 ಗುಳಿಗಳ ತಟ್ಟೆ. ಪ್ರತಿ ಗುಳಿಯ ತಳದ ಪೊರೆಗೆ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಸವರಿರುತ್ತದೆ. ಒಂದು ಗುಳಿಗೆ ಎರಡು ಲಕ್ಷ ಕೋಶ, ಅದರ ಜೊತೆ ವೈರಸ್ಸಿನ ಪೆಪ್ಟೈಡ್‌ಗಳು. ಇಡೀ ರಾತ್ರಿ 37 ಡಿಗ್ರಿಯಲ್ಲಿ ಇಡಬೇಕು. ವೈರಸ್ಸನ್ನು ನೆನಪಿಟ್ಟುಕೊಂಡಿರುವ ಟಿ ಕೋಶ ಕೂತ ಜಾಗದಲ್ಲೇ ಇಂಟರ್‌ಫೆರಾನ್ ಸುರಿಸುತ್ತದೆ. ಮಾರನೆಯ ದಿನ ಕೋಶಗಳನ್ನು ತೊಳೆದು, ಬಣ್ಣ ಕೊಡುವ ದ್ರಾವಣ ಹಾಕಿದಾಗ ಒಂದೊಂದು ಕೋಶ ಕೂತಿದ್ದ ಕಡೆಯೂ ನೀಲಿ ಚುಕ್ಕೆ ಮೂಡುತ್ತದೆ. ಚುಕ್ಕೆ ಎಷ್ಟೋ ಕೋಶ ಅಷ್ಟು. ರಾತ್ರಿ ತಟ್ಟೆಯನ್ನು ಯಾರೂ ಅಲುಗಿಸಕೂಡದು, ಅಲುಗಿದರೆ ಚುಕ್ಕೆ ಬಾಲ ಬಿಟ್ಟ ಮಸಿಯಾಗುತ್ತದೆ. ಒಂದರ ಮೇಲೊಂದು ತಟ್ಟೆ ಇಡಲೂಬಾರದು, ಅಂಚಿನ ಗುಳಿಗಳು ನಡುವಿನವುಗಳಿಗಿಂತ ಬೇರೆ ಉತ್ತರ ಕೊಡುತ್ತವೆ. ವಿದ್ಯುತ್ ಹೋಗುವ ಊರಿನಲ್ಲಿ ಇನ್‌ಕ್ಯುಬೇಟರ್‌ಗೆ ಪ್ರತ್ಯೇಕ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ ಎಂದು ಯಾರು ಕೇಳಿದರೂ ಹೇಳುತ್ತೇನೆ. ಜಂಬೂಸವಾರಿಯ ದಿನ ಮಾದರಿ ತೆಗೆದುಕೊಳ್ಳುವುದಿಲ್ಲ. ಅಂದು ರಕ್ತವಿರಲಿ, ನಾನೇ ಪ್ರಯೋಗಾಲಯ ತಲುಪುವುದು ಕಷ್ಟ.

ತಟ್ಟೆಯಲ್ಲಿ ಒಂದು ಸಾಲು ಖಾಲಿ ಗುಳಿ, ಅಂದರೆ ಪೆಪ್ಟೈಡ್ ಇಲ್ಲದ ಕೋಶ. ಅಲ್ಲಿ ಚುಕ್ಕೆ ಬಂದರೆ ಏನೋ ಕೆಟ್ಟಿದೆ. ಇನ್ನೊಂದು ಸಾಲಿಗೆ ಪಿಎಚ್‌ಎ ಎಂಬ ಅವರೆಯ ಜಾತಿಯ ಕಾಳಿನಿಂದ ತೆಗೆದ ವಸ್ತು. ಅದು ಬಹುತೇಕ ಎಲ್ಲ ಟಿ ಕೋಶಗಳನ್ನೂ ಕೆರಳಿಸುತ್ತದೆ. ಅಲ್ಲೂ ಚುಕ್ಕೆ ಇಲ್ಲದಿದ್ದರೆ ಕೋಶ ಸತ್ತಿದೆ, ಇಲ್ಲವೇ ಔಷಧಿ ವಿಪರೀತವಾಗಿದೆ. ಈ ಎರಡು ಸಾಲು ಸರಿಯಿಲ್ಲದ ತಟ್ಟೆಯ ವರದಿಯನ್ನು ನಾನು ಎಷ್ಟೇ ಒತ್ತಾಯ ಬಂದರೂ ಕೊಡುವುದಿಲ್ಲ.

ಇಷ್ಟರವರೆಗಿನದನ್ನು ಬೇರೆ ಊರುಗಳಲ್ಲೂ ಮಾಡುತ್ತಾರೆ. ನಾನು ಮಾಡಿಕೊಂಡ ಸಣ್ಣ ಬದಲಾವಣೆ ಎಂದರೆ ಅದೇ ತಟ್ಟೆಯಲ್ಲಿ, ಅದೇ ರಕ್ತದಲ್ಲಿ, ವೈರಸ್ಸಿನ ಸಾಲಿನ ಪಕ್ಕದಲ್ಲೇ ದಾನಿಯ ಸಾಲನ್ನೂ ಇಡುವುದು. ದಾನಿಯ ಬಿಳಿ ಕಣಗಳನ್ನು ಮೈಟೊಮೈಸಿನ್‌ನಿಂದ ನಿಷ್ಕ್ರಿಯಗೊಳಿಸಿ ರೋಗಿಯ ಕೋಶಗಳ ಜೊತೆ ಇಟ್ಟರೆ, ಆ ಕಿಡ್ನಿಯ ಮೇಲೆ ಕೆರಳಬಲ್ಲ ಟಿ ಕೋಶಗಳೂ ಚುಕ್ಕೆಗಳಾಗಿ ಕಾಣುತ್ತವೆ. ಮಾತ್ರೆಯ ಪ್ರಮಾಣ ಇಳಿಸಿದಾಗ ಯಾವ ಸಾಲು ಮೊದಲು ತುಂಬುತ್ತದೆ ಎಂಬುದೇ ನನಗೆ ಬೇಕಾದ ಉತ್ತರ. ವೈರಸ್ಸಿನ ಸಾಲು ತುಂಬಿ ದಾನಿಯ ಸಾಲು ಖಾಲಿ ಉಳಿದರೆ ಇಳಿಸಿದ್ದು ಸರಿ. ಎರಡೂ ಒಟ್ಟಿಗೆ ತುಂಬಿದರೆ, ಕಿಡ್ನಿ ಕೆಡುತ್ತಿದೆ ಎಂದು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಏರುವ ಮೊದಲೇ ವೈದ್ಯರಿಗೆ ಫೋನ್ ಮಾಡಬೇಕು.

ಇದಕ್ಕೆ ದಾನಿಯ ಕೋಶಗಳನ್ನು ವರ್ಷಗಟ್ಟಲೆ ಕಾಪಿಡಬೇಕು. ಕಿಡ್ನಿ ಕೊಟ್ಟವರು ಮತ್ತೆ ಮತ್ತೆ ರಕ್ತ ಕೊಡಲು ಬರುವುದಿಲ್ಲ, ಬರಲಿ ಎನ್ನುವುದೂ ನ್ಯಾಯವಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಅವರ ಒಪ್ಪಿಗೆಯಿಂದ ತೆಗೆದ ಕೋಶಗಳನ್ನು ದ್ರವ ಸಾರಜನಕದಲ್ಲಿ ಇಡುತ್ತೇವೆ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನ್ ಇದೆಯಲ್ಲ, ಅದೇ ಬಗೆಯದು. ಅದನ್ನು ನೋಡಿದ ಶ್ರೀರಂಗಪಟ್ಟಣ ಕಡೆಯ ದಾನಿಯೊಬ್ಬರು ಬಹಳ ನಕ್ಕರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅದುವರೆಗೆ ಹಿಂದೆಮುಂದೆ ನೋಡುತ್ತಿದ್ದವರು ಆಮೇಲೆ ಸಲೀಸಾಗಿ ಹಾಕಿದರು. ಕಿಡ್ನಿ ಮತ್ತು ಸಹಿ ಒಟ್ಟಿಗೆ ಬಂದರೆ ಜನ ಬೆಚ್ಚುತ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆ ಬಂದದ್ದೇ ಕಿಡ್ನಿ ಮಾರಾಟ ತಡೆಯಲು ಎಂಬುದನ್ನು ನೆನೆದರೆ ಅವರ ಭಯ ಅಸಹಜವೇನಲ್ಲ.

ಪಾಂಡವಪುರ ಕಡೆಯ ಯುವಕನೊಬ್ಬನಿಗೆ ತಾಯಿಯ ಕಿಡ್ನಿ ಹಾಕಿ ಕೆಲವು ತಿಂಗಳಾಗಿತ್ತು. ಕ್ರಿಯಾಟಿನಿನ್ ನಿಧಾನವಾಗಿ ಏರತೊಡಗಿತು. ಇಂಥಲ್ಲಿ ಎರಡು ಸಾಧ್ಯತೆ: ಮೈ ಕಿಡ್ನಿಯನ್ನು ತಿರಸ್ಕರಿಸುತ್ತಿದೆ, ಅಥವಾ ಬಿಕೆ ವೈರಸ್ ಕಿಡ್ನಿಯನ್ನು ತಿನ್ನುತ್ತಿದೆ. ಮೊದಲನೆಯದಾದರೆ ಮಾತ್ರೆ ಹೆಚ್ಚಿಸಬೇಕು, ಎರಡನೆಯದಾದರೆ ಇಳಿಸಬೇಕು. ಬಯಾಪ್ಸಿಯಲ್ಲಿ ಎರಡೂ ಮೇಲ್ನೋಟಕ್ಕೆ ಒಂದೇ ತರಹ ಕಾಣಬಹುದು, ಎರಡರಲ್ಲೂ ಕಿಡ್ನಿಯ ತುಂಬ ಲಿಂಫೋಸೈಟ್. ವೈರಸ್ಸಿನ ಪ್ರೋಟೀನಿಗೆ ಅಂಟುವ ಬಣ್ಣ ಹಾಕಿ ನೋಡಿದಾಗ ಬಿಕೆ ಎಂದು ಖಚಿತವಾಯಿತು. ರಕ್ತದ ಪಿಸಿಆರ್‌ನಲ್ಲೂ ವೈರಸ್ ಎಣಿಕೆ ಮಿಲಿಲೀಟರ್‌ಗೆ 10,000 ದಾಟಿತ್ತು. ಬಿಕೆಗೆ ಖಚಿತವಾಗಿ ಕೆಲಸ ಮಾಡುವ ಔಷಧಿ ಇಲ್ಲ. ಇರುವುದು ಒಂದೇ ದಾರಿ, ಅವನ ಟಿ ಕೋಶಗಳಿಗೆ ಉಸಿರಾಡಲು ಬಿಡುವುದು. ವೈದ್ಯರು ಮೊದಲು ಮೈಕೋಫಿನೊಲೇಟ್ ಇಳಿಸಿದರು, ಆಮೇಲೆ ಟ್ಯಾಕ್ರೊಲಿಮಸ್.

ನನ್ನ ತಟ್ಟೆಯಲ್ಲಿ ಅವನ ಮೊದಲ ಉತ್ತರ ವಿಚಿತ್ರವಾಗಿತ್ತು. ಪಿಎಚ್‌ಎ ಸಾಲು ತುಂಬಿದೆ, ಸಿಎಂವಿ ಸಾಲೂ ತುಂಬಿದೆ, ಬಿಕೆ ಸಾಲು ಮಾತ್ರ ಬರಿದು. ಮಾತ್ರೆ ಎಲ್ಲ ಟಿ ಕೋಶಗಳಿಗೂ ಒಂದೇ, ಆದರೆ ಸಿಎಂವಿಯ ನೆನಪಿನ ಕೋಶಗಳು ಅಷ್ಟೊಂದು ಇರುವುದರಿಂದ ಅರ್ಧ ಅಡಗಿದರೂ ಕಾಣಿಸುತ್ತವೆ. ಬಿಕೆಯ ಕೋಶಗಳು ಮೊದಲೇ ಬೆರಳೆಣಿಕೆಯಷ್ಟು. ‘ರೋಗನಿರೋಧಕ ಶಕ್ತಿ ಹೆಚ್ಚು, ಕಡಿಮೆ’ ಎಂದು ಒಂದೇ ಅಳತೆಯಲ್ಲಿ ಮಾತನಾಡುವವರನ್ನು ಕಂಡರೆ ನನಗೆ ಈ ತಟ್ಟೆಯನ್ನು ತೋರಿಸಬೇಕೆನಿಸುತ್ತದೆ. ಮುಂದಿನ ತಟ್ಟೆಗಳಲ್ಲಿ ಬಿಕೆ ಸಾಲಿನಲ್ಲಿ ಒಂದೆರಡು ಚುಕ್ಕೆ, ಮತ್ತೆ ಇನ್ನಷ್ಟು. ಪಿಸಿಆರ್ ಎಣಿಕೆ ಇಳಿಯಲು ಶುರುವಾದದ್ದು ಚುಕ್ಕೆ ಕಂಡ ಮೇಲೆ. ದಾನಿಯ ಸಾಲು ಖಾಲಿಯಾಗಿಯೇ ಇತ್ತು. ಒಬ್ಬ ರೋಗಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ಬಿಕೆಗೆ ಟಿ ಕೋಶ ಮರಳುವುದಕ್ಕೂ ವೈರಸ್ ಇಳಿಯುವುದಕ್ಕೂ ನಂಟಿದೆ ಎಂಬುದನ್ನು ದೊಡ್ಡ ಕೇಂದ್ರಗಳೂ ಕಂಡಿವೆ.

ಆ ಹುಡುಗನ ತಾಯಿ ಒಂದು ದಿನ ನನ್ನ ಬಾಗಿಲಲ್ಲಿ ನಿಂತು, “ನನ್ನ ಕಿಡ್ನಿಯಿಂದಲೇ ಆ ಹುಳು ಅವನಿಗೆ ಹೋಯಿತೇ ಮೇಡಂ?” ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬಿಕೆ ಬಹಳ ಸಲ ದಾನಿಯ ಕಿಡ್ನಿಯೊಳಗೇ ಬರುತ್ತದೆ. “ಬಂದಿರಬಹುದು ಅಮ್ಮ. ನನ್ನ ಕಿಡ್ನಿ ಕೊಟ್ಟಿದ್ದರೂ ಬರುತ್ತಿತ್ತು, ಡಾಕ್ಟರ ಕಿಡ್ನಿ ಕೊಟ್ಟಿದ್ದರೂ ಬರುತ್ತಿತ್ತು. ದೊಡ್ಡವರಲ್ಲಿ ಬಹುಪಾಲು ಎಲ್ಲರಲ್ಲೂ ಇರುತ್ತದೆ” ಎಂದೆ. ಅವರಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ವಾರ ಮಗನ ಜೊತೆ ಬಂದಾಗ ಮನೆಯಲ್ಲಿ ಮಾಡಿದ ಬೆಲ್ಲ ತಂದುಕೊಟ್ಟರು.

ತಾಯಂದಿರ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಅದಕ್ಕೆ ಬಡತನ, ದುಡಿಮೆ, ‘ಮನೆಗೆ ಆಧಾರ’ ಎಂಬ ಮಾತು ಎಲ್ಲವೂ ಕಾರಣ. ಆದರೆ ಹೆಂಡತಿಗೆ ಗಂಡ ಕಿಡ್ನಿ ಕೊಡಲು ಮುಂದೆ ಬಂದಾಗಲೂ ಮೈ ಅಡ್ಡ ಬರಬಹುದು. ಬಸಿರಿನಲ್ಲಿ ಮಗುವಿನ ಮೂಲಕ ಗಂಡನ ಎಚ್‌ಎಲ್‌ಎಯನ್ನು ಹೆಂಡತಿಯ ರಕ್ತ ಕಂಡಿರುತ್ತದೆ, ಅದರ ವಿರುದ್ಧ ಪ್ರತಿಕಾಯಗಳನ್ನೂ ನೆನಪಿನ ಟಿ ಕೋಶಗಳನ್ನೂ ಮಾಡಿಟ್ಟುಕೊಂಡಿರಬಹುದು. ಹೀಗೆ ಮೊದಲೇ ಇರುವ ಪ್ರತಿಕಾಯವನ್ನು ಹಿಡಿಯುವುದೇ ಕ್ರಾಸ್‌ಮ್ಯಾಚ್. ದಾನಿಯ ಲಿಂಫೋಸೈಟ್‌ಗೆ ರೋಗಿಯ ಸೀರಂ, ಮೇಲೆ ಮೊಲದ ಕಾಂಪ್ಲಿಮೆಂಟ್ (ಪ್ರತಿಕಾಯ ಅಂಟಿದ ಕೋಶವನ್ನು ಕೊಲ್ಲುವ ರಕ್ತದ ಪ್ರೋಟೀನ್‌ಗಳು) ಹಾಕಿ, ಕೋಶ ಸತ್ತರೆ ಆ ಜೋಡಿ ಬೇಡ. 1969ರಲ್ಲಿ ಪಟೇಲ್ ಮತ್ತು ಟೆರಸಾಕಿ ಕೊಟ್ಟ ಲೆಕ್ಕ ಇದು: ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದ 30 ಕಸಿಗಳಲ್ಲಿ 24 ಕೂಡಲೇ ಕೆಟ್ಟವು, ನೆಗೆಟಿವ್ ಇದ್ದ 195ರಲ್ಲಿ ಕೆಟ್ಟದ್ದು 8. ಈ ಪರೀಕ್ಷೆಗೆ ವಾದವೇ ಬೇಡ. ನನ್ನ ಚುಕ್ಕೆಗಳಿಗೆ ಅಂಥ ಲೆಕ್ಕ ಇನ್ನೂ ಇಲ್ಲ.

ತಟ್ಟೆಯ ಎರಡು ಸಾಲುಗಳು ಎಷ್ಟು ಹತ್ತಿರ ಎಂಬುದಕ್ಕೆ ಇನ್ನೊಂದು ಸಂಗತಿ ಇದೆ. ಅದನ್ನು ಓದಿದ ಮೇಲೆಯೇ ನಾನು ಈ ಕ್ಷೇತ್ರಕ್ಕೆ ಬಂದದ್ದು. ಕೆಲವು ಟಿ ಕೋಶಗಳು ವೈರಸ್ಸಿಗೆಂದೇ ಹುಟ್ಟಿ, ಬೇರೆಯವರ ಎಚ್‌ಎಲ್‌ಎಯನ್ನು ಕಂಡಾಗಲೂ ಕೆರಳುತ್ತವೆ. ಎಪ್‌ಸ್ಟೈನ್ ಬಾರ್ ವೈರಸ್ಸಿನ ಒಂದು ತುಣುಕನ್ನು ಎಚ್‌ಎಲ್‌ಎ ಬಿ8ರ ಮೇಲೆ ಗುರುತಿಸುವ ಟಿ ಕೋಶ, ತನಗೆ ಸಂಬಂಧವೇ ಇಲ್ಲದ ಬಿ44 ಇರುವ ಕೋಶವನ್ನೂ ಕೊಲ್ಲುತ್ತದೆ ಎಂದು ಆಸ್ಟ್ರೇಲಿಯಾದವರು 1994ರಲ್ಲಿ ತೋರಿಸಿದರು. 2010ರಲ್ಲಿ ನೆದರ್‌ಲ್ಯಾಂಡಿನ ಲೈಡನ್‌ನವರು ವೈರಸ್ಸಿಗೆ ಮೀಸಲಾದ ಟಿ ಕೋಶಗಳ ತದ್ರೂಪಿ ಗುಂಪುಗಳನ್ನು ಪರೀಕ್ಷಿಸಿ, ಶೇ 45ರಷ್ಟು ಗುಂಪುಗಳು ಹೀಗೆ ಯಾವುದಾದರೊಂದು ಪರರ ಎಚ್‌ಎಲ್‌ಎಗೂ ಪ್ರತಿಕ್ರಿಯಿಸುತ್ತವೆ ಎಂದರು. ಜೀವಮಾನದಲ್ಲಿ ಒಮ್ಮೆಯೂ ರಕ್ತ ಪಡೆಯದ, ಬಸಿರಾಗದ ವ್ಯಕ್ತಿಯಲ್ಲೂ ಪರರ ಕಿಡ್ನಿಯ ವಿರುದ್ಧ ನೆನಪಿನ ಕೋಶಗಳು ಯಾಕಿವೆ ಎಂಬುದಕ್ಕೆ ಇದು ಉತ್ತರ. ಕ್ಯಾನ್‌ಬೆರಾದ ಇಲಿಗಳಿಂದ ಶುರುವಾದದ್ದು ಇಲ್ಲಿಗೆ ಬಂದು ಸೇರುತ್ತದೆ. ನನ್ನ ತಟ್ಟೆಯಲ್ಲಿ ಸಿಎಂವಿ ಏರಿದ ವಾರವೇ ದಾನಿಯ ಸಾಲೂ ಏರಿದ್ದನ್ನು ಕೆಲವರಲ್ಲಿ ಕಂಡಿದ್ದೇನೆ. ಅದೇ ಕೋಶಗಳು ಎರಡೂ ಕಡೆ ಚುಕ್ಕೆ ಹಾಕಿದವೇ, ಇಲ್ಲವೇ ಸೋಂಕಿನ ಗದ್ದಲದಲ್ಲಿ ಬೇರೆ ಕೋಶಗಳು ಎದ್ದವೇ ಎಂದು ಹೇಳಲು ಎಲಿಸ್ಪಾಟ್ ಸಾಲದು. ಒಂದೊಂದೇ ಕೋಶವನ್ನು ಬೇರ್ಪಡಿಸಿ ಬೆಳೆಸಬೇಕು. ಈ ವರ್ಷ ಅದಕ್ಕೆ ಕೈ ಹಾಕಿದ್ದೇನೆ.

ಕೋವಿಡ್ ಕಾಲದಲ್ಲಿ ತಟ್ಟೆಗೆ ಇನ್ನೊಂದು ಸಾಲು ಸೇರಿತು. ಕಸಿಯಾದವರಲ್ಲಿ ಲಸಿಕೆ ಸರಿಯಾಗಿ ಹತ್ತುವುದಿಲ್ಲ ಎಂಬ ಸುದ್ದಿ 2021ರಲ್ಲೇ ಬಂದಿತ್ತು. ಅಮೆರಿಕದ ಒಂದು ಅಧ್ಯಯನದಲ್ಲಿ ಎರಡು ಡೋಸ್ ಎಂಆರ್‌ಎನ್‌ಎ ಲಸಿಕೆ ಪಡೆದ ಮೇಲೂ ಪ್ರತಿಕಾಯ ಕಂಡದ್ದು ಶೇ 54ರಷ್ಟು ಮಂದಿಯಲ್ಲಿ. ನಮ್ಮಲ್ಲಿ ಕೋವಿಶೀಲ್ಡ್ ಪಡೆದು ಪ್ರತಿಕಾಯ ಇಲ್ಲವೆಂದು ವರದಿ ಬಂದ ಕೆಲವರಲ್ಲಿ, ಕೋವಿಡ್ ವೈರಸ್ಸಿನ ಸ್ಪೈಕ್ ಎಂಬ ಪ್ರೋಟೀನಿನ ಸಾಲಿನಲ್ಲಿ ಚುಕ್ಕೆಗಳಿದ್ದವು. ಹಾಗೆಂದು ಮಾಸ್ಕ್ ತೆಗೆಯಿರಿ ಎಂದು ನಾನು ಹೇಳಲಿಲ್ಲ.

ಈಗ ನನ್ನ ಜೊತೆ ಕೆಲಸ ಮಾಡುವ ಕಿಡ್ನಿ ತಜ್ಞರಿಗೂ ನನಗೂ ಮುಗಿಯದ ಜಗಳವೊಂದಿದೆ. ಅವರು ಹೇಳುವುದು ಇದು: “ಮೇಡಂ, ನಿಮ್ಮ ಚುಕ್ಕೆ ನೋಡಿ ನಾನು ಮಾತ್ರೆ ಇಳಿಸಿ, ಕಿಡ್ನಿ ಹೋದರೆ ರೋಗಿಯ ಮನೆಯವರಿಗೆ ಉತ್ತರ ಕೊಡುವವನು ನಾನು. ಪಿಸಿಆರ್‌ಗೆ ಒಂದು ಗಡಿ ಸಂಖ್ಯೆ ಇದೆ. ನಿಮ್ಮ ಚುಕ್ಕೆಗೆ ಎಷ್ಟು?” ನ್ಯಾಯವಾದ ಪ್ರಶ್ನೆ. ಎರಡು ಲಕ್ಷ ಕೋಶಕ್ಕೆ ಇಷ್ಟು ಚುಕ್ಕೆ ಇದ್ದರೆ ಕ್ಷೇಮ ಎಂದು ನಾನು ಬರೆದುಕೊಡಲಾರೆ. ಬೇರೆ ಬೇರೆ ಕೇಂದ್ರಗಳು ಹಾಕಿಕೊಂಡ ಗಡಿಗಳು ಒಂದಕ್ಕೊಂದು ಕೂಡುವುದಿಲ್ಲ, ತಟ್ಟೆ ಓದುವ ಯಂತ್ರ ಬದಲಾದರೆ ಎಣಿಕೆಯೂ ಬದಲಾಗುತ್ತದೆ. ನನ್ನ ವಾದ ಬೇರೆ. ಪಿಸಿಆರ್ ಹೇಳುವುದು ಇವತ್ತು ವೈರಸ್ ಎಷ್ಟಿದೆ ಎಂದು. ಮುಂದಿನ ತಿಂಗಳು ಅದನ್ನು ಇಳಿಸುವವರು ಮೈಯಲ್ಲಿ ಇದ್ದಾರೆಯೇ ಎಂದು ಅದು ಹೇಳುವುದಿಲ್ಲ.

ಸದ್ಯಕ್ಕೆ ಇಬ್ಬರೂ ಒಪ್ಪಿಕೊಂಡಿರುವುದು ಇಷ್ಟು. ನನ್ನ ವರದಿಯಲ್ಲಿ ಸಲಹೆ ಇರುವುದಿಲ್ಲ, ನಾಲ್ಕು ಸಾಲುಗಳ ಸಂಖ್ಯೆ ಮಾತ್ರ ಇರುತ್ತದೆ: ಖಾಲಿ, ಪಿಎಚ್‌ಎ, ವೈರಸ್, ದಾನಿ. ಅದೇ ದಿನದ ಪಿಸಿಆರ್ ಮತ್ತು ಟ್ಯಾಕ್ರೊಲಿಮಸ್ ಮಟ್ಟದ ಜೊತೆಗೇ ಅದು ಅವರ ಮೇಜಿಗೆ ಹೋಗಬೇಕು, ಒಂಟಿಯಾಗಿ ಹೋಗಬಾರದು. ಎರಡೂ ಒಂದೇ ಮಾತು ಹೇಳಿದರೆ ಅವರು ನಿರ್ಧರಿಸುತ್ತಾರೆ. ಬೇರೆ ಬೇರೆ ಹೇಳಿದರೆ ಎರಡು ವಾರ ಬಿಟ್ಟು ಎರಡನ್ನೂ ಮತ್ತೆ ಮಾಡುತ್ತೇವೆ, ಅಲ್ಲಿಯವರೆಗೆ ಮಾತ್ರೆ ಮುಟ್ಟುವುದಿಲ್ಲ. ಟಾರ್ಕ್ ಟೆನೊ ಎಂಬ ಇನ್ನೊಂದು ವೈರಸ್ಸನ್ನೂ ಎಣಿಸೋಣ ಎಂದು ನಾನು ಕೇಳುತ್ತಿದ್ದೇನೆ. 1997ರಲ್ಲಿ ಜಪಾನಿನಲ್ಲಿ ಕಂಡ ಅದು ಬಹುತೇಕ ಎಲ್ಲರ ರಕ್ತದಲ್ಲೂ ಇದ್ದು ಯಾರಿಗೂ ಕಾಯಿಲೆ ತಂದಂತಿಲ್ಲ. ಟಿ ಕೋಶ ಹೆಚ್ಚು ಅಡಗಿದಷ್ಟೂ ಅದು ಏರುತ್ತದೆ, ಆದ್ದರಿಂದ ಮಾತ್ರೆ ಹೆಚ್ಚಾಯಿತೇ ಎಂದು ನೋಡಲು ಯುರೋಪಿನಲ್ಲಿ ಅದನ್ನು ಪರೀಕ್ಷಿಸುತ್ತಿದ್ದಾರೆ. ಅದಕ್ಕೂ ಪಿಸಿಆರ್ ಸಾಕು ಎಂದದ್ದೇ ತಡ, ನಮ್ಮ ತಜ್ಞರ ಮುಖ ಅರಳಿತು. ಹಣ ಯಾರು ಕೊಡುತ್ತಾರೆ ಎಂಬುದರ ಮೇಲೆ ಈಗ ಜಗಳ ಶುರುವಾಗಿದೆ.